ಕಿವಿಗೊಂದು ಸೀರಿಯಲ್ ಪೋರ್ಟ್

ನಮ್ಮ ಹಳೆಯ ಲ್ಯಾಪ್‌ಟಾಪಿನ ಎಡ ಅಂಚಿನಲ್ಲಿ ಒಂದು ಸೀಳು ಇದೆ ಎಂಬುದು ನನಗೆ ಗೊತ್ತಾದದ್ದು ಅದು ಮನೆಗೆ ಬಂದು ಎಷ್ಟೋ ವರ್ಷಗಳಾದ ಮೇಲೆ. ಪ್ರತಿ ಶನಿವಾರ ಅದನ್ನು ಒರೆಸುತ್ತಿದ್ದವಳು ನಾನೇ. ಅಹಮದಾಬಾದಿನ ಅಂಚಿನ ನಮ್ಮ ಬೋಪಾಲ್‌ನಲ್ಲಿ ಸುತ್ತಲೂ ಯಾವಾಗಲೂ ಒಂದಲ್ಲ ಒಂದು ಕಟ್ಟಡ ಏಳುತ್ತಲೇ ಇರುತ್ತದೆ, ಆರನೇ ಮಹಡಿಗೂ ಸಿಮೆಂಟಿನ ಧೂಳು ಹತ್ತಿ ಬರುತ್ತದೆ. ಒರೆಸದಿದ್ದರೆ ಕೀಗಳ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಆದರೂ ಆ ಸೀಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೀಳದಿರಲೆಂದೇ ಅದರೊಳಗೆ ಒಂದು ಕಪ್ಪು ಪ್ಲಾಸ್ಟಿಕ್ ತುಂಡು ಕೂರಿಸಿದ್ದರು. ನನ್ನ ಗಂಡ ಹೆಬ್ಬೆರಳಿನಿಂದ ಅದನ್ನು ಒತ್ತಿದರು, ಅದು ನಾಲಗೆಯ ಹಾಗೆ ಹೊರಗೆ ಬಂತು.

"ಇದೆಂತದು ಗೊತ್ತುಂಟಾ? ಡಮ್ಮಿ," ಎಂದರು. "ಕೆಲಸ ಎಂತದೂ ಇಲ್ಲ. ಜಾಗ ಹಿಡಿದು ಕೂತ್ಕೊಳ್ಳುದು, ಅಷ್ಟೇ." ಹಾಗೆಂದು ಸೋಫಾದ ಮೇಲೆ ಕುಳಿತಿದ್ದ ತಮ್ಮ ತಾಯಿಯ ಕಡೆಗೆ ಹುಬ್ಬು ಹಾರಿಸಿ ನನ್ನನ್ನು ನೋಡಿ ನಕ್ಕರು. ಅತ್ತೆಗೆ ಅದು ಕೇಳಿಸಲಿಲ್ಲ. ಮಗ ನಕ್ಕನೆಂದು ಅವರೂ ನಕ್ಕರು.

ನಾನು ಆ ತುಂಡನ್ನು ಗುಂಡಿಗಳ ಡಬ್ಬಿಯಲ್ಲಿ ಎತ್ತಿಟ್ಟೆ.

ಅತ್ತೆಗೆ ಮೂವರು ಮಕ್ಕಳು. ಮೂವರೂ ಒಂದೇ ರೈಲು ಹಳಿಯ ಮೇಲೆ ನೆಲೆಸಿದ್ದಾರೆ: ದೊಡ್ಡವರಾದ ನಾವು ಅಹಮದಾಬಾದಿನಲ್ಲಿ, ನಾದಿನಿ ವಡೋದರಾದಲ್ಲಿ, ಕಿರಿಯ ಮೈದುನ ಸೂರತ್ತಿನಲ್ಲಿ. ಮಾವ ಹೋದ ಮೇಲೆ ಅತ್ತೆ ಆ ಹಳಿಯ ಮೇಲೆ ಸರದಿಯಂತೆ ಓಡಾಡಿಕೊಂಡಿದ್ದರು. ಹಬ್ಬ ಯಾರ ಮನೆಯಲ್ಲಿ, ಬೇಸಿಗೆ ಯಾರ ಮನೆಯಲ್ಲಿ ಎಂಬುದೆಲ್ಲ ಮಕ್ಕಳು ಫೋನಿನಲ್ಲಿ ತೀರ್ಮಾನಿಸುತ್ತಿದ್ದರು. ಅತ್ತೆಯ ಇಷ್ಟ ಮಾತ್ರ ಯಾವತ್ತೂ ಸೂರತ್ತು. ಅದಕ್ಕೆ ಕಾರಣ ಮಗನಲ್ಲ, ಮಗನ ಹೋಟೆಲಿನ ಅಡುಗೆಮನೆ. ಅಲ್ಲಿನ ಕತಾರ್‌ಗಾಮ್‌ನ ವಜ್ರದ ಕಾರ್ಖಾನೆಗಳ ನಡುವೆ ಅವನದು ಇಡ್ಲಿ ದೋಸೆಯ ಹೋಟೆಲು. ಅಡುಗೆಯವರೆಲ್ಲ ಉಡುಪಿಯ ಆಚೀಚೆಯವರು. ಅತ್ತೆ ಹಿಂಬಾಗಿಲ ಬಳಿ ಮಣೆ ಹಾಕಿ ಕೂತು, ಕೊತ್ತಂಬರಿ ಸೋಸುತ್ತಾ, ಯಾರ ತಾಯಿ ಯಾರ ಮನೆಯ ಸೊಸೆ ಎಂಬುದನ್ನೆಲ್ಲ ಬಿಡಿಸಿ, ಚಟ್ನಿ ರುಬ್ಬುವವನನ್ನು ಬೈದು, ಸಂಜೆಯ ಹೊತ್ತಿಗೆ ಹೊಸ ಜೀವ ಪಡೆದವರಂತೆ ಮೇಲಿನ ಮನೆಗೆ ಹತ್ತಿ ಹೋಗುತ್ತಿದ್ದರು. ಬೋಪಾಲ್‌ನಲ್ಲಿ ಅವರಿಗೆ ಬೈಯಲು ನಾನೊಬ್ಬಳೇ.

ನನ್ನನ್ನು ಬೈಯುವುದರಲ್ಲಿ ಅವರಿಗೆ ರುಚಿಯೂ ಇರಲಿಲ್ಲ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಹೆಣ್ಣುಮಕ್ಕಳ ದನಿ ಪಕ್ಕದ ಬೆಂಚಿಗೂ ಕೇಳಬಾರದು ಎಂದು ಸಿಸ್ಟರುಗಳು ಕಲಿಸಿದ್ದನ್ನು ಇವತ್ತಿಗೂ ಮರೆಯಲಾಗಿಲ್ಲ. "ಎಂತ ಹೇಳ್ತೀ ಮಾರಾಯ್ತಿ, ಬಾಯಿ ಮಾತ್ರ ಆಡ್ತದೆ," ಎನ್ನುತ್ತಿದ್ದರು ಅತ್ತೆ. "ನಿಮ್ಮ ಕಾನ್ವೆಂಟಿನಲ್ಲಿ ಗಂಟಲು ತೆಗ್ದಿಟ್ಕೊಂಡು ಮನೆಗೆ ಕಳಿಸ್ತಾರಾ?" ಕಿವಿ ಚೆನ್ನಾಗಿದ್ದ ಕಾಲದಲ್ಲೂ ಇದನ್ನೇ ಹೇಳುತ್ತಿದ್ದರು.

ಕಿವಿ ಕೆಟ್ಟದ್ದು ನಿಧಾನವಾಗಿ. ವಡೋದರಾದಲ್ಲಿದ್ದಾಗ ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಬಲಗಿವಿಗೆ ಯಂತ್ರ ಹಾಕಿಸಿದ್ದರು. ಕೆಲವು ವರ್ಷ ಅದು ಸಾಕಾಯಿತು, ಆಮೇಲೆ ಅದನ್ನು ಹಾಕಿಕೊಂಡರೂ ಕೇಳಿಸದಷ್ಟಾಯಿತು. ಹೊಸ ಯಂತ್ರವೊಂದನ್ನು ತಂದರೆ, ಎಲ್ಲರೂ ಎಣ್ಣೆ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ ಎಂದು ಅದನ್ನು ಕಿತ್ತು ಸಾಸಿವೆ ಡಬ್ಬಿಯಲ್ಲಿ ಹಾಕಿದರು. ಹಳೆಯದೇ ಬೇಕು, ಅದನ್ನೇ ಜೋರು ಮಾಡಿ. ಆದರೆ ಹಳೆಯದನ್ನು ಜೋರು ಮಾಡಲು ತಿರುಪು ಇರಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ಒಳಗಿನ ಲೆಕ್ಕವನ್ನು ತಿದ್ದಬೇಕು. ಕ್ಲಿನಿಕ್ಕಿನವರು ಅಂಗಡಿ ಮುಚ್ಚಿ ಹೋಗುವಾಗ, ಆ ಜೋಡಿಸುವ ಪೆಟ್ಟಿಗೆಯನ್ನೂ ಸಿಡಿಯನ್ನೂ ನನ್ನ ಗಂಡ ಕೇಳಿ ಇಟ್ಟುಕೊಂಡಿದ್ದರು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು ಅವರು. ಪ್ಲಗ್ಗು ಇರುವ ಯಾವುದನ್ನೂ ಬಿಸಾಡಲು ಬಿಡುವವರಲ್ಲ.

ಆ ಚಳಿಗಾಲ ನಮ್ಮ ಸರದಿ ಮುಗಿಯುತ್ತಾ ಬಂದಿತ್ತು. ಮುಂದಿನದು ಸೂರತ್ತು. ಅತ್ತೆ ಒಂದು ವಾರ ಮೊದಲೇ ತಮ್ಮ ನೀಲಿ ಬ್ಯಾಗು ತುಂಬಿ, ಜಿಪ್ಪು ಎಳೆದು, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟಾಗಿತ್ತು. ಎಲೆಅಡಿಕೆಯ ಸ್ಟೀಲ್ ಡಬ್ಬಿಯೂ ಅದರ ಹೊರಗಿನ ಜೇಬು ಸೇರಿತ್ತು. ಆಗ ಮೈದುನ ಫೋನ್ ಮಾಡಿದ.

"ಕರ್ಕೊಂಡು ಹೋಗ್ಲಿಕ್ಕೆ ನಂಗೆಂತ ಕಷ್ಟ ಅಣ್ಣ. ಆದ್ರೆ ಹೋದ ಸರ್ತಿ ಎಂತಾಯ್ತು ಗೊತ್ತುಂಟಲ್ಲ. ನಾವಿಬ್ಬರೂ ಕೆಳಗೆ ಹೋಟೆಲಲ್ಲಿ, ಅಮ್ಮ ಮೇಲೆ ಮನೆಯಲ್ಲಿ ಚಿಲಕ ಹಾಕಿ ಮಲಗಿದ್ದು. ಬೆಲ್ ಕೇಳುದಿಲ್ಲ, ಫೋನ್ ಕೇಳುದಿಲ್ಲ. ನಾನು ಪಕ್ಕದವರ ಬಾಲ್ಕನಿ ಹಾರಿ ಬಂದದ್ದು. ಫೋನಿನಲ್ಲಿ ತಾನೇ ಮಾತಾಡುವಷ್ಟು ಕೇಳ್ಲಿ. ಅಷ್ಟಾದ್ರೆ ನಾನು ಮರುದಿನವೇ ಬಂದು ಕರ್ಕೊಂಡು ಹೋಗ್ತೇನೆ."

ಇದನ್ನು ನನ್ನ ಗಂಡ ಒಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅತ್ತೆಗೆ ತೋರಿಸಿದರು. ಅತ್ತೆ ಓದಿ, ಕಿವಿಯ ಯಂತ್ರವನ್ನು ತೆಗೆದು ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟರು. "ಮಾಡು ಹಾಗಾದ್ರೆ," ಎಂದರು.

ತೊಂದರೆ ಇದ್ದದ್ದು ಪೆಟ್ಟಿಗೆಯ ವೈರಿನ ತುದಿಯಲ್ಲಿ. ಅದು ಒಂಬತ್ತು ತೂತಿನ, ಎರಡೂ ಕಡೆ ತಿರುಪಿರುವ ಹಳೆಯ ಕಾಲದ ಪ್ಲಗ್ಗು. ಅದಕ್ಕೆ ಹೊಂದುವ ಸೀರಿಯಲ್ ಪೋರ್ಟು ನಮ್ಮ ಲ್ಯಾಪ್‌ಟಾಪು ತಯಾರಾಗುವ ಹೊತ್ತಿಗೇ ಬಳಕೆ ತಪ್ಪಿತ್ತು. ಯುಎಸ್‌ಬಿಗೆ ಜೋಡಿಸುವ ವೈರೊಂದನ್ನು ತಂದು ನೋಡಿದರು. ಯಂತ್ರವನ್ನು ಅರ್ಧ ಓದಿ ನಿಂತುಬಿಡುತ್ತಿತ್ತು. ಕೊನೆಗೆ ರಿಲೀಫ್ ರೋಡಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಸೀಳಿಗೆ ಹೊಂದುವ ಕಾರ್ಡು ಸಿಕ್ಕಿತು. ಬಿಸ್ಕತ್ತಿನಷ್ಟು ಅಗಲದ ಲೋಹದ ಹಲಗೆ, ಅದರ ಬಾಲದಲ್ಲಿ ಒಂಬತ್ತು ಸೂಜಿಯ ಪೋರ್ಟು.

ಕಾರ್ಡು ತಂದ ಮರುದಿನ ಬೆಳಿಗ್ಗೆ ಊಟದ ಮೇಜನ್ನು ಖಾಲಿ ಮಾಡಿಸಿದರು. ಕಾರ್ಡನ್ನು ಸೀಳಿಗೆ ತೂರಿಸಿ ಒತ್ತಿದಾಗ ಟಿಕ್ ಎಂದಿತು. ಪರದೆಯ ಪಟ್ಟಿಯಲ್ಲಿ ಹಳದಿ ತ್ರಿಕೋನವೊಂದು ಮೂಡಿತು. ಕಾರ್ಡಿನ ಜೊತೆ ಬಂದಿದ್ದ ಅಂಗೈಯಗಲದ ಸಿಡಿ ಹಾಕಿ, ಡ್ರೈವರ್ ಇಳಿಸಿ, ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದ ಮೇಲೆ ತ್ರಿಕೋನ ಮಾಯವಾಯಿತು. ಆದರೂ, ಮಧ್ಯಾಹ್ನದ ಊಟ ಮುಗಿದ ಮೇಲೂ, ಕಿವಿಯ ಪ್ರೋಗ್ರಾಮಿಗೆ ಪೆಟ್ಟಿಗೆ ಕಾಣಿಸಲಿಲ್ಲ. ಅಷ್ಟು ಹೊತ್ತೂ ಅತ್ತೆ ಮೇಜಿನ ಪಕ್ಕದ ಕುರ್ಚಿಯಲ್ಲಿ, ಕಿವಿಯ ಹಿಂದಿನಿಂದ ಕೂದಲಿನಷ್ಟು ತೆಳುವಾದ ವೈರು ಇಳಿಬಿಟ್ಟುಕೊಂಡು, ಗೋಣು ವಾಲಿಸದೆ ಕುಳಿತಿದ್ದರು. ವೈರು ಸೇರಿದರೆ, ಪ್ರೋಗ್ರಾಮಿನಲ್ಲಿ ದನಿ ಬಿಡುವವರೆಗೆ ಯಂತ್ರ ಮೂಕವಾಗಿರುತ್ತದೆ. ಮೊದಲೇ ಕೇಳದ ಅವರಿಗೆ ಆ ಹೊತ್ತಿನಲ್ಲಿ ಏನೆಂದರೆ ಏನೂ ಕೇಳುವುದಿಲ್ಲ.

"ಈಗ ಲೈನ್ ಕಟ್," ಎಂದರು ನನ್ನ ಗಂಡ. ತಾಯಿಯ ಮುಖದ ಹತ್ತಿರ ಬಗ್ಗಿ, ಮಗುವನ್ನು ಮುದ್ದು ಮಾಡುವವರ ಹಾಗೆ ನಗುತ್ತಾ, "ಅಮ್ಮ, ನಾಳೆ ನಿನ್ನನ್ನು ಪಾರ್ಸೆಲ್ ಮಾಡ್ತೇನೆ ಆಯ್ತಾ? ಸೂರತ್ತಿಗೆ. ರಿಟರ್ನ್ ಇಲ್ಲ," ಎಂದರು. ಅತ್ತೆ ನಕ್ಕು ತಲೆಯಾಡಿಸಿದರು. ವೈರು ಅಲುಗಿತು.

"ಸುಮ್ಮನಿರ್ರಿ," ಎಂದೆ.

"ಕುಶಾಲು ಮಾರಾಯ್ತಿ. ನೋಡು, ಅವ್ರಿಗೂ ಖುಷಿ ಉಂಟು."

ನಾನು ಕಾರ್ಡಿನ ಜೊತೆಗಿದ್ದ ಚೀಟಿಯನ್ನು ಓದುತ್ತಿದ್ದೆ. ಯಾರೋ ಅವಸರದಲ್ಲಿ ಬರೆದ ಇಂಗ್ಲಿಷು. ನಮ್ಮ ಸಿಸ್ಟರ್ ಕಂಡಿದ್ದರೆ ಕೆಂಪು ಶಾಯಿಯೇ ಮುಗಿದುಹೋಗುತ್ತಿತ್ತು. ಕೊನೆಯ ಸಾಲಿನಲ್ಲಿ, ಹಳೆಯ ಪ್ರೋಗ್ರಾಮುಗಳು ಮೊದಲ ನಾಲ್ಕು ಪೋರ್ಟುಗಳನ್ನಷ್ಟೇ ಹುಡುಕುತ್ತವೆ, ನಿಮ್ಮದಕ್ಕೆ ದೊಡ್ಡ ನಂಬರು ಬಂದಿದ್ದರೆ ಕೈಯಾರೆ ಸಣ್ಣದು ಮಾಡಿ ಎಂದಿತ್ತು. ನಮ್ಮದಕ್ಕೆ ಐದು ಬಂದಿತ್ತು. ಹೇಳಿದೆ.

"ಇದು ನಿಮ್ಮ ನರ್ಸರಿ ರೈಮ್ ಅಲ್ಲ," ಎಂದರು. ಸ್ವಲ್ಪ ಹೊತ್ತು ಬೇರೆ ಏನೇನೋ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಐದನ್ನು ಎರಡು ಮಾಡಿದರು. ಪೆಟ್ಟಿಗೆಯ ಹಸಿರು ದೀಪ ಹತ್ತಿತು, ಪರದೆಯ ಮೇಲೆ ಅತ್ತೆಯ ಕಿವಿಯ ಗೆರೆ ಬೆಟ್ಟ ಇಳಿದ ಹಾಗೆ ಮೂಡಿತು. "ನಾನು ಅದನ್ನೇ ಮಾಡುವವನಿದ್ದೆ," ಎಂದರು.

ಗೆರೆಯನ್ನು ಮೇಲೆತ್ತಿ, ಸೇವ್ ಒತ್ತಿ, ಯಂತ್ರಕ್ಕೆ ದನಿ ಬಿಟ್ಟರು. ಅತ್ತೆಯ ಮುಖ ಕಂಡರೆ ಬಿಸಿಲಿಗೆ ಕಿಟಕಿ ತೆರೆದಂತಿತ್ತು. ಮೊದಲು ಮೇಲಕ್ಕೆ, ಗೋಡೆ ಗಡಿಯಾರದ ಕಡೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ.

"ನಲ್ಲಿ ಸರಿ ಮುಚ್ಚಲಿಲ್ಲ ನೀನು," ಎಂದರು ನನಗೆ. ಹೌದು, ತೊಟ್ಟಿಕ್ಕುತ್ತಿತ್ತು.

ನನ್ನ ಗಂಡ ತೊಡೆ ತಟ್ಟಿಕೊಂಡರು. ವೈರನ್ನು ತೆಗೆಯದೆಯೇ ತಮ್ಮನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಅತ್ತೆಯ ಕೈಗೆ ಕೊಟ್ಟರು. "ನೀನೇ ಪರೀಕ್ಷೆ ಮಾಡು. ನಾನು ಬಾಯಿ ಹಾಕುದಿಲ್ಲ," ಎಂದು ತಮ್ಮನಿಗೆ ಹೇಳಿ, ಮತ್ತೆ ಪರದೆಯ ಗೆರೆಗಳಲ್ಲಿ ಮುಳುಗಿದರು. ನಾನು ಅತ್ತೆಯ ಬೆನ್ನ ಹಿಂದೆ ನಿಂತು, ಒಗೆದ ಬಟ್ಟೆ ಮಡಚುತ್ತಿದ್ದೆ.

ಫೋನಿನಲ್ಲಿ ಮೊದಲು ಬಂದದ್ದು ಹೋಟೆಲಿನ ಸದ್ದು. ತಟ್ಟೆಗಳು, ಕಾವಲಿಯ ಮೇಲೆ ಸಟ್ಟುಗ ಕೆರೆಯುವುದು, ಗುಜರಾತಿಯಲ್ಲಿ ಯಾರೋ ಎರಡು ಮಸಾಲೆ ದೋಸೆ ಕೇಳುವುದು, ಒಳಗಿನಿಂದ ನಮ್ಮ ಕನ್ನಡದಲ್ಲಿ "ಬಂತು ಬಂತು, ಹಾರ್ಬೇಡ" ಎನ್ನುವುದು. ಅತ್ತೆ ಆ ದನಿ ಯಾರದೆಂದು ಗುರುತು ಹಿಡಿದವರಂತೆ ಬೆರಳೆತ್ತಿದರು.

"ಅಮ್ಮ, ಊಟ ಆಯ್ತಾ?" ಮೈದುನ ಕೇಳಿದ.

"ಆಯ್ತು. ನಿಂದು?"

"ಎಂತ ಪದಾರ್ಥ?"

"ಬದನೆಕಾಯಿ ಹುಳಿ. ಹುಳಿ ಅಂತ ಇವಳು ಹೇಳುದು. ನಾನು ತಿಂದೆ."

"ಅಲ್ಲಿ ಚಳಿ ಉಂಟಾ?" ಈ ಸಲ ದನಿ ಸ್ವಲ್ಪ ಇಳಿದಿತ್ತು.

"ಉಂಟು. ಬೆಳಿಗ್ಗೆ ಕಾಲು ನೆಲಕ್ಕೆ ಇಡ್ಲಿಕ್ಕಾಗುದಿಲ್ಲ."

"ಅಕ್ಕ ಫೋನ್ ಮಾಡಿದ್ಲಾ?" ಇನ್ನೂ ಇಳಿಯಿತು.

"ಇಲ್ಲ. ಅವಳಿಗೆ ಬಿಡುವೆಲ್ಲಿ."

ಲೈನು ಸೋತಿತೆಂದು ನಾನು ಮೊದಲು ಎಣಿಸಿದೆ. ಆದರೆ ಸಟ್ಟುಗದ ಸದ್ದು ಮೊದಲಿನಷ್ಟೇ ಇತ್ತು. ತಟ್ಟೆಗಳ ಸದ್ದೂ ಅಷ್ಟೇ. ಕಡಿಮೆಯಾಗುತ್ತಿದ್ದದ್ದು ಅವನ ದನಿ ಒಂದೇ. ಅವನು ಮುಂದೆ ಕೇಳಿದ್ದು, ಮಡಚುತ್ತಿದ್ದ ಟವಲನ್ನು ಎದೆಗೆ ಹಿಡಿದು ಉಸಿರು ಬಿಗಿಹಿಡಿದ ಮೇಲಷ್ಟೇ ನನಗೆ ಕೇಳಿಸಿತು. ಮಲಗಿದ ಮಗುವಿನ ಪಕ್ಕ ಆಡುವಂಥ ಪಿಸುಮಾತು.

"ಸೂರತ್ತಿಗೆ ಬರ್ತೀಯಾ ಅಮ್ಮ?"

ಅತ್ತೆಯ ತಲೆ ಬಾಗಿಲ ಕಡೆಗೆ, ನೀಲಿ ಬ್ಯಾಗಿನ ಕಡೆಗೆ ತಿರುಗಿ, ಮತ್ತೆ ತಿರುಗಿ ಫೋನಿನ ಕಡೆಗೆ ಬಂತು. ಹೆಬ್ಬೆರಳು ಫೋನಿನ ಅಂಚನ್ನು ಒಮ್ಮೆ ಸವರಿತು.

"ಎಂತ?" ಎಂದರು. "ಕೇಳುದಿಲ್ಲ ಮಗಾ."

ಮೈದುನ ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು. "ಅಣ್ಣ, ಇನ್ನೂ ಸರಿ ಆಗ್ಲಿಲ್ಲ ಅಲ್ವಾ," ಎಂದ, ಈಗ ಗಟ್ಟಿಯಾಗಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಸಹಜ ದನಿಯಲ್ಲಿ. "ಪಾಪ, ಎಷ್ಟು ಕಷ್ಟ ಪಡ್ತಾರೆ. ಈ ಸರ್ತಿ ಅಲ್ಲೇ ಇರ್ಲಿ. ನೀವು ಇನ್ನೊಂದು ಸ್ವಲ್ಪ ನೋಡಿ."

ಫೋನು ಇಟ್ಟ ಮೇಲೆ ನಾನು ಅಲ್ಲೇ, ಅವರ ಬೆನ್ನ ಹಿಂದಿನಿಂದ, ನನ್ನ ಗಂಟಲಿಲ್ಲದ ದನಿಯಲ್ಲಿ ಕೇಳಿದೆ: "ಬ್ಯಾಗ್ ಒಳಗೆ ಇಡಲಾ ಅತ್ತೆ?"

"ಇಡು," ಎಂದರು, ತಿರುಗಿ ನೋಡದೆ.

ನನ್ನ ಗಂಡ ಇದನ್ನು ಗಮನಿಸಲಿಲ್ಲ. ಅವರಿಗೆ ಅವಮಾನವಾಗಿತ್ತು, ಕಾರ್ಡು ಸೋತದ್ದು ತಾವೇ ಸೋತ ಹಾಗೆ. "ಇಷ್ಟು ಹೊತ್ತು ಕೇಳಿ ಕೊನೆಗೆ ಕೇಳುದಿಲ್ಲ ಅಂದ್ರೆ ಎಂತ ಅರ್ಥ? ಸಣ್ಣ ಸ್ವರಕ್ಕೆ ಸಾಕಾಗುದಿಲ್ಲ. ಏರಿಸುವ." ಗೆರೆಯನ್ನು ಮೇಲೆ ದೂಡಿದರು. ಮೇಜಿನ ಆಚೆ ನಿಂತು ಚಪ್ಪಾಳೆ ತಟ್ಟಿದರು.

"ಕೇಳ್ತಾ?"

"ಇಲ್ಲ," ಎಂದರು ಅತ್ತೆ.

ಇನ್ನೂ ದೂಡಿದರು. ಸ್ಟೀಲಿನ ತಟ್ಟೆಯನ್ನು ತಂದು ಸೌಟಿನಿಂದ ಬಡಿದರು. ಅತ್ತೆಯ ಮುಖ ಕದಲಲಿಲ್ಲ. ಆದರೆ ನಾನು ಅವರ ಕಾಲುಗಳನ್ನು ನೋಡುತ್ತಿದ್ದೆ. ಕುರ್ಚಿಯ ಕೆಳಗೆ ಎರಡೂ ಪಾದಗಳ ಬೆರಳುಗಳು ಒಳಕ್ಕೆ ಮುದುಡಿ, ಬೆಳ್ಳಗಾಗಿ ನೆಲವನ್ನು ಕಚ್ಚಿ ಹಿಡಿದಿದ್ದವು.

"ಈಗ?"

"ಇಲ್ಲ."

"ಸತ್ತ ಕಿವಿ ಇದು," ಎಂದರು ನನ್ನ ಗಂಡ. ಗೆರೆ ಪರದೆಯ ನೆತ್ತಿಗೆ ತಾಗಿತ್ತು. ಈ ಸಲ ತಟ್ಟೆಯನ್ನು ತಾಯಿಯ ಕಿವಿಯ ಹತ್ತಿರವೇ ಹಿಡಿದರು. ಬಡಿದಾಗ ಅಡುಗೆಮನೆಯಲ್ಲಿ ಲೋಟಗಳು ಕಂಪಿಸಿದ ಹಾಗನಿಸಿತು. ಅತ್ತೆಯ ಕಣ್ಣಿನಿಂದ ನೀರು ಬಂತು. ಅಳುವ ನೀರಲ್ಲ, ಈರುಳ್ಳಿ ಹೆಚ್ಚುವಾಗ ತಾನಾಗಿ ಸುರಿಯುತ್ತದಲ್ಲ, ಅಂಥದು.

"ಇಲ್ಲ ಮಗಾ. ಕೇಳುದೇ ಇಲ್ಲ."

ಕೇಳುತ್ತದೆ ಎಂದರೆ ಅವರು ಸೂರತ್ತಿಗೆ ಹೋಗಬೇಕು, ಅಮ್ಮನಿಗೆ ಕೇಳದಿರಲಿ ಎಂದು ಪಿಸುಗುಟ್ಟಿದವನ ಮನೆಗೆ. ಅಲ್ಲಿಯ ಅಡುಗೆಮನೆ, ಮಣೆ, ಕೊತ್ತಂಬರಿ ಎಲ್ಲ ಇದ್ದೂ ಅದು ಅವರಿಗೆ ಬೇಡವಾಗಿತ್ತು. ಅವರು ಬಾಯಿ ಬಿಡುವವರಲ್ಲ. ನನ್ನ ಗಂಡ ನಿಲ್ಲಿಸುವವರೂ ಅಲ್ಲ. ಅವರ ಬೆರಳು ಸೇವ್ ಎಂಬುದರ ಕಡೆಗೆ ಹೋಗುತ್ತಿತ್ತು. ಅದನ್ನು ಒತ್ತಿದರೆ ಆ ಹೊಡೆತವೇ ಯಂತ್ರದಲ್ಲಿ ನಿಂತುಬಿಡುತ್ತದೆ, ದಿನವಿಡೀ.

ನಾನು ಮೇಜು ಒರೆಸುವವಳ ಹಾಗೆ ಹತ್ತಿರ ಹೋಗಿ, ಎಡ ಅಂಚಿನ ಕಾರ್ಡನ್ನು ಹೆಬ್ಬೆರಳಿನಿಂದ ಒತ್ತಿದೆ. ಟಿಕ್ ಎಂದು ಹೊರಗೆ ಬಂತು. ಪೆಟ್ಟಿಗೆಯ ಹಸಿರು ದೀಪ ಆರಿತು.

"ಎಂತ ಮಾಡಿದೆ ನೀನು?"

"ಕೈ ತಾಗ್ತು ರೀ," ಎಂದೆ. ಅತ್ತೆಯ ಕಿವಿಯಿಂದ ಯಂತ್ರವನ್ನು ತೆಗೆದು, ವೈರು ಬಿಡಿಸಿ, ಬ್ಯಾಟರಿಯ ಪುಟ್ಟ ಬಾಗಿಲನ್ನು ತೆರೆದು ಮುಚ್ಚಿ, ಮತ್ತೆ ಹಾಕಿದೆ. ಹಾಗೆ ಮಾಡಿದರೆ ಅದು ಕೊನೆಯದಾಗಿ ಸೇವ್ ಆದ ಲೆಕ್ಕಕ್ಕೆ, ನಲ್ಲಿ ತೊಟ್ಟಿಕ್ಕಿದ್ದು ಕೇಳಿದ ಲೆಕ್ಕಕ್ಕೆ ಹಿಂತಿರುಗುತ್ತದೆ ಎಂದು ಅದೇ ಪ್ರೋಗ್ರಾಮಿನ ಪರದೆಯ ಕೆಳಗೆ ಬರೆದಿದ್ದನ್ನು ಓದಿದ್ದೆ.

"ಇಡೀ ದಿನದ ಕೆಲಸ ಹಾಳು ಮಾಡಿದೆ. ಮುಟ್ಟದೆ ಇರ್ಲಿಕ್ಕೆ ಗೊತ್ತೇ ಇಲ್ಲ ಇವಳಿಗೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ಎಂತಾಯ್ತು, ಇವಳು ಕೆಡಿಸಿದ್ಲಾ?" ಎಂದು ಬೊಬ್ಬೆಯಲ್ಲೇ ಕೇಳಿದರು. "ಅವಳ ಕೈ ಯಾವಾಗ್ಲೂ ಹಾಗೆಯೇ. ಮುಟ್ಟಿದ್ದೆಲ್ಲ ಹಾಳು."

ನಾನು ಗುಂಡಿಗಳ ಡಬ್ಬಿಯಿಂದ ಡಮ್ಮಿಯನ್ನು ತಂದು ಸೀಳಿಗೆ ಹಾಕಿದೆ. ನನ್ನ ಗಂಡ ಕಾರ್ಡನ್ನು ಅಟ್ಟದ ಮೇಲೆ ಎಸೆದರು. ಆ ವಾರವೆಲ್ಲ ಮನೆಗೆ ಬಂದವರಿಗೆ, ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕವರಿಗೆ, ಹೆಂಡತಿ ಹೇಗೆ ಒಂದು ಹೆಬ್ಬೆರಳಿನಲ್ಲಿ ತಾಯಿಯ ಕಿವಿ ಕಳೆದಳು ಎಂದು ನಗುನಗುತ್ತಾ ಹೇಳಿದರು. ಅತ್ತೆ ಪಕ್ಕದಲ್ಲೇ ನಿಂತು, ಏನೂ ಕೇಳದವರ ಮುಖದಲ್ಲಿ ಅದನ್ನು ಕೇಳಿಸಿಕೊಂಡರು. ಒಂದು ಸಲವೂ ಅಲ್ಲಗಳೆಯಲಿಲ್ಲ. ಮಗ ಆಫೀಸಿನ ಹಳೆಯ ಗೆಳೆಯರ ಜೊತೆ ಫೋನಿನಲ್ಲಿ ತಮ್ಮ ಬಗ್ಗೆ ಆಡುವುದನ್ನೂ ಹಾಗೆಯೇ ಕೇಳಿಸಿಕೊಂಡರು. ನಾವಿಬ್ಬರೇ ಇದ್ದಾಗ ಮಾತ್ರ ಕೋಣೆಯೊಳಗಿಂದಲೇ, "ಸಾಸಿವೆ ಸೀದಿತು," "ಹಾಲು ಉಕ್ಕುವ ಹಾಗೆ ಕೇಳ್ತದೆ," ಎನ್ನುತ್ತಿದ್ದರು. ನಮ್ಮ ನಡುವೆ ಆದದ್ದು ಅಷ್ಟೇ. ಒಳ್ಳೆಯ ಮಾತೊಂದು ಬಂದೀತೆಂದು ನಾನೂ ಕಾಯಲಿಲ್ಲ.

ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಯಂದು, ಎಲ್ಲ ತಾರಸಿಗಳ ಮೇಲೆ ಗಾಳಿಪಟ, ಕೂಗು. ನನ್ನ ಗಂಡ ಮೇಲೆ ಹೋಗಿದ್ದರು. ನಾನೂ ಅತ್ತೆಯೂ ಕೆಳಗೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆವು. ಸೂರತ್ತಿನಿಂದ ಫೋನು ಬಂತು. ಸ್ಪೀಕರಿಗೆ ಹಾಕಿ ಅತ್ತೆಯ ಕೈಗೆ ಕೊಟ್ಟೆ.

"ಅಮ್ಮ, ಹಬ್ಬದ ನಮಸ್ಕಾರ."

"ಎಂತ? ಕೇಳುದಿಲ್ಲ. ಜೋರು ಹೇಳು."

ಅವನು ಜೋರಾಗಿ ಹೇಳಿದ. ಅತ್ತೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರು. ಇನ್ನೊಂದು ಕೈ ಸೊಪ್ಪು ಬಿಡಿಸುತ್ತಲೇ ಇತ್ತು.

"ಬೇಜಾರು ಮಾಡ್ಬೇಡ ಅಮ್ಮ. ಮುಂದಿನ ಸರ್ತಿ ಖಂಡಿತ ಕರ್ಕೊಂಡು ಬರ್ತೇನೆ."

"ಕೇಳುದಿಲ್ಲ ಮಗಾ."

"ಮುಂದಿನ ಸರ್ತಿ ಕರ್ಕೊಂಡು ಬರ್ತೇನೆ ಅಂದೆ."

"ಇನ್ನೂ ಜೋರು."

ಅವನ ದನಿ ಒಡೆಯಿತು. ಅದೇ ಮಾತನ್ನು ಅವನು ಈಗ ಅರಚುತ್ತಿದ್ದ, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಹಬ್ಬದ ದಿನ ತುಂಬಿದ ಹೋಟೆಲಿನ ನಡುವೆ. ಅತ್ತೆ ಒಂದು ಹಳದಿ ಎಲೆಯನ್ನು ಆರಿಸಿ ಪಕ್ಕಕ್ಕೆ ಹಾಕಿದರು.

"ಯಾರನ್ನು ಕರ್ಕೊಂಡು ಬರುದು? ಸರಿ ಹೇಳು."

"ನಿನ್ನನ್ನು ಅಮ್ಮ. ನಿನ್ನನ್ನು."

ಅವನ ಹಿಂದೆ ಕಾವಲಿಯ ಮೇಲೆ ಸಟ್ಟುಗ ಕೆರೆಯುವ ಸದ್ದು ನಿಂತಿತ್ತು. ತಟ್ಟೆಗಳ ಸದ್ದೂ ನಿಂತಿತ್ತು.

"ಇನ್ನೊಂದು ಸಲ ಹೇಳು," ಎಂದರು ಅತ್ತೆ.